ಹತ್ತಿಗೆ ಕೊಟ್ಟಿಗೆ ಗೊಬ್ಬರ, ಯೂರಿಯಾ ಎರಡೂ ಹಾಕುವವರು ಹೇಗೆ ಹೊಂದಿಸುತ್ತೀರಿ?

ಕೇಳಿದವರು (ಪೀಣ್ಯ): ಊರು ಹಾವೇರಿ ಕಡೆ. ಮೂರು ಎಕರೆ ಎರೆ ಭೂಮಿ, ಮಳೆ ನಂಬಿದ ಬಿಟಿ ಹತ್ತಿ. ಅಪ್ಪ ಡಿಎಪಿ, ಯೂರಿಯಾ ಬಿಟ್ಟು ಬೇರೇನೂ ಹಾಕುವುದಿಲ್ಲ. ಎರಡು ವರ್ಷದಿಂದ ಕಾಯಿ ಕಟ್ಟುವ ಹೊತ್ತಿಗೆ ಎಲೆ ಕೆಂಪಾಗುತ್ತಿದೆ. ಈ ಸಲ ಸರ್ಕಾರಿ (ರಾಸಾಯನಿಕ) ಗೊಬ್ಬರ ಪೂರ್ತಿ ನಿಲ್ಲಿಸಿ ಸಾವಯವ ಮಾಡೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಯಲಹಂಕದಿಂದ: ಅಪ್ಪನ ಮಾತು ಕೇಳಿ, ಒಮ್ಮೆಲೇ ನಿಲ್ಲಿಸಬೇಡಿ. ನಾನು ಇಲ್ಲಿ ಕೂತು ಇದೇ ಹಟ ಮಾಡಿದ್ದೆ. ನಮ್ಮದು ರಾಣೇಬೆನ್ನೂರು ತಾಲ್ಲೂಕು. ಮೊದಲ ವರ್ಷ ಯೂರಿಯಾ ಬಿಟ್ಟು, ಎಕರೆಗೆ ಎರಡು ಟ್ರ್ಯಾಕ್ಟರ್ ತಿಪ್ಪೆ ಗೊಬ್ಬರ ಹಾಕಿಸಿದೆವು. ನಲವತ್ತು ದಿನಕ್ಕೆ ಹತ್ತಿ ಹಳದಿ ತಿರುಗಿತು. ಅವ್ವ ಹೊಲದಿಂದ ಒಂದು ಗೊಬ್ಬರದ ಹೆಂಟೆ ತಂದು ನನ್ನ ಮುಂದೆಯೇ ಒಡೆದಳು. ಒಳಗೆ ಜೋಳದ ದಂಟು ಹಾಗೇ ಇತ್ತು. ಪಕ್ಕದಲ್ಲಿ ಸುರುಳಿ ಸುತ್ತಿ ಮಲಗಿದ್ದ ಒಂದು ಗೊಣ್ಣೆಹುಳು. ಗೊಬ್ಬರ ಕಳಿತೇ ಇರಲಿಲ್ಲ. ಅಂಥದ್ದು ಮಣ್ಣಿಗೆ ಬಿದ್ದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ಹಿಡಿದುಕೊಳ್ಳುತ್ತವೆ. ಗಿಡಕ್ಕೆ ಉಪವಾಸ.

ಲೆಕ್ಕವನ್ನೂ ನೋಡಿ. ಒಂದು ಚೀಲ ಯೂರಿಯಾ 45 ಕೆಜಿ, ಅದರಲ್ಲಿ 46% ಸಾರಜನಕ. ಅಂದರೆ ಸುಮಾರು 21 ಕೆಜಿ. ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ಸಾಮಾನ್ಯವಾಗಿ ಅರ್ಧ ಪರ್ಸೆಂಟ್. ಎರಡು ಟನ್ ಹಾಕಿದರೂ 10 ಕೆಜಿ, ಅದೂ ಪೂರ್ತಿ ಮೊದಲ ವರ್ಷವೇ ಸಿಗುವುದಿಲ್ಲ. ಹಾಗಂತ ಅದು ದಂಡ ಅಲ್ಲ. ಮಣ್ಣು ನೀರು ಹಿಡಿಯುವುದು, ಬೇರು ಸಲೀಸಾಗಿ ಇಳಿಯುವುದು, ಸತು, ಕಬ್ಬಿಣದಂಥ ಸಣ್ಣ ಪೋಷಕಾಂಶ ಸಿಗುವುದು ಅದರಿಂದಲೇ. ಮಳೆ ಹದಿನೈದು ದಿನ ಕೈಕೊಟ್ಟಾಗ ಗೊಬ್ಬರ ಬಿದ್ದ ಮಡಿ, ಬೀಳದ ಮಡಿ ಎರಡನ್ನೂ ನೋಡಿ, ಗೊತ್ತಾಗುತ್ತದೆ.

ಈಗ ನಾವು ಮಾಡುವುದು ಇಷ್ಟು. ಬಿತ್ತನೆಗೆ ಎರಡು ಮೂರು ವಾರ ಮೊದಲು ಚೆನ್ನಾಗಿ ಕಳಿತ ಗೊಬ್ಬರ ಹರಡಿ, ಅವತ್ತೇ ಕುಂಟೆ ಹೊಡೆಯುತ್ತೇವೆ. ಗುಪ್ಪೆ ಹಾಕಿ ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಸಾರ ಹೋಗುತ್ತದೆ. ಬಿತ್ತುವಾಗ ಡಿಎಪಿ ಜೊತೆ ಪೊಟ್ಯಾಷ್. ನಿಮ್ಮ ಅಪ್ಪ ಹಾಕುವ ಎರಡರಲ್ಲೂ ಪೊಟ್ಯಾಷ್ ಇಲ್ಲವೇ ಇಲ್ಲ, ಇದನ್ನು ಮೊದಲು ಸರಿ ಮಾಡಿ. ಕಾಯಿ ತುಂಬಲು ಅದು ಬೇಕು. ಯೂರಿಯಾ ಎರಡು ಕಂತು, ಮೂವತ್ತು ಮತ್ತು ಅರವತ್ತು ದಿನದ ಸುಮಾರಿಗೆ, ನೆಲ ಹಸಿ ಇದ್ದಾಗ. ಎಡೆಕುಂಟೆ ಹೊಡೆದು ಮುಚ್ಚಲೇಬೇಕು. ಎರೆ ನೆಲದ ಮೇಲೆ ಸುಮ್ನೆ ಎರಚಿದರೆ ಗಾಳಿಗೆ ಹೋಗುತ್ತದೆ. ಜಾಸ್ತಿ ಸುರಿದರೆ ಗಿಡ ಸೊಕ್ಕಿ, ಸಸ್ಯಹೇನು, ಜಿಗಿಹುಳು ಬರುತ್ತವೆ. ಹೀಗೆ ಎರಡೂ ಹಾಕಲು ಶುರು ಮಾಡಿದ ವರ್ಷ ಯೂರಿಯಾ ಕಡಿಮೆ ಮಾಡಲಿಲ್ಲ. ಅದರ ಮುಂದಿನ ವರ್ಷ ಮಣ್ಣು ಪರೀಕ್ಷೆ ನೋಡಿ ಕಾಲು ಭಾಗ ಇಳಿಸಿದೆವು. ಇಳುವರಿ ಬೀಳಲಿಲ್ಲ.

ಹೆಬ್ಬಾಳದಿಂದ: ಕೆಂಪೆಲೆ ಬಗ್ಗೆ ಒಂದು ಮಾತು. ಎಲ್ಲ ಕೆಂಪೂ ಒಂದೇ ಅಲ್ಲ. ನರ ಹಸಿರಾಗಿದ್ದು ನಡುವೆ ಕೆಂಪಾಗಿದ್ದರೆ ಮೆಗ್ನೀಷಿಯಂ ಕೊರತೆ ಇರಬಹುದು, ಹಳೆ ಎಲೆಯಲ್ಲಿ ಮೊದಲು ಕಾಣುತ್ತದೆ. ಅಂಚು ಕೆಳಕ್ಕೆ ಮುದುಡಿ ಕೆಂಪಾಗಿದ್ದರೆ ಎಲೆ ಮಗುಚಿ ನೋಡಿ, ಜಿಗಿಹುಳು ಓರೆಯಾಗಿ ಓಡುತ್ತಿರುತ್ತದೆ. ಅದಕ್ಕೆ ಗೊಬ್ಬರ ಮದ್ದಲ್ಲ. ಮೆಗ್ನೀಷಿಯಂಗೆ ನಾವು ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಕಲಸಿ ಕಾಯಿ ಕಟ್ಟುವಾಗ ಎರಡು ಸಲ ಹೊಡೆಯುತ್ತೇವೆ. ಕೆಂಪಾದ ಎಲೆ ಮತ್ತೆ ಹಸಿರಾಗುತ್ತದೆ ಅಂತ ಕಾಯಬೇಡಿ, ಹೊಸ ಎಲೆ ಉಳಿದರೆ ಸಾಕು.

ಮಣ್ಣಿನ ಮಾದರಿಯನ್ನು ಬದುವಿನ ಹತ್ತಿರ, ತಿಪ್ಪೆ ಇದ್ದ ಜಾಗದಲ್ಲಿ ತೆಗೆಯಬೇಡಿ. ಎಂಟು ಹತ್ತು ಕಡೆ ಆರು ಇಂಚು ಅಗೆದು, ಬೆರೆಸಿ, ಅರ್ಧ ಕೆಜಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ.

ಕೇಳಿದವರು: ತುಂಬಾ ಉಪಕಾರ ಆಯಿತು. ಇನ್ನೊಂದು ಅನುಮಾನ. ನಮ್ಮಲ್ಲಿ ಒಲೆ ಬೂದಿ ರಾಶಿ ಇದೆ. ಯೂರಿಯಾ ಜೊತೆ ಬೆರೆಸಿ ಹಾಕಬಹುದಾ? ಅಜೋಸ್ಪಿರಿಲಂ (ಗಾಳಿಯ ಸಾರಜನಕ ಹಿಡಿದು ಕೊಡುವ ಬ್ಯಾಕ್ಟೀರಿಯಾ) ಪ್ಯಾಕೆಟ್ಟೂ ತಂದಿಟ್ಟಿದ್ದೇನೆ.

ಯಲಹಂಕದಿಂದ: ಬೂದಿ, ಯೂರಿಯಾ ಬೇಡವೇ ಬೇಡ. ಒದ್ದೆಯಾಗಿ ಬೆರೆತರೆ ಮೂಗಿಗೆ ಅಡರುವ ವಾಸನೆ ಬರುತ್ತದಲ್ಲ, ಅದು ನೀವು ದುಡ್ಡು ಕೊಟ್ಟು ತಂದ ಸಾರಜನಕವೇ. ಬೂದಿಯನ್ನು ಬೇರೆ ದಿನ ಬೇರೆ ಹರಡಿ. ಅಜೋಸ್ಪಿರಿಲಂ ಜೀವ ಇರುವ ಗೊಬ್ಬರ, ರಾಸಾಯನಿಕದ ಜೊತೆ ಕಲಸಿದರೆ ಸಾಯುತ್ತದೆ. ಪುಡಿ ಮಾಡಿದ ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿಟ್ಟು, ಸಂಜೆ ಹೊತ್ತು ಹಸಿ ನೆಲಕ್ಕೆ ಹಾಕಿ. ಪ್ಯಾಕೆಟ್ ಮೇಲಿನ ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡಿಬಿಡಿ.