ಯಾವ ಸೀಮೆಗೆ ಯಾವ ವಾಚು: ಎಚ್‌ಎಂಟಿ, ಸೀಕೊ, ರಾಡೊ ಮತ್ತು ಸಿಗ್ನಲ್ ಹಿಡಿಯದ ಜಿ-ಶಾಕ್

ಪ್ರಶ್ನೆ (ಸದಸ್ಯೆ, ಕುಂದಾಪುರ)

ನಮಸ್ಕಾರ ಸರ್. ಮನೆಯಲ್ಲಿ ಮೂರು ವಾಚಿವೆ. ಅಪ್ಪನ ಎಚ್‌ಎಂಟಿ ಜನತಾ, ದುಬೈಯಿಂದ ಮಾವ ತಂದ ಸೀಕೊ 5, ಜರ್ಮನಿಯಿಂದ ಅಣ್ಣ ಕಳಿಸಿದ ಕ್ಯಾಸಿಯೊ ಕಂಪನಿಯ ಮಲ್ಟಿಬ್ಯಾಂಡ್ 6 ಜಿ-ಶಾಕ್. ಕೇಳಿದ್ರೆ ಮೂವರೂ "ನಮ್ಮ ಕಡೆ ಇದೇ ಚಾಲ್ತಿ" ಅಂತಾರೆ. ದೇಶದಿಂದ ದೇಶಕ್ಕೆ ಹೀಗೆ ಬ್ರ್ಯಾಂಡ್ ಬದಲಾಗೋದು ಗುಣಮಟ್ಟದಿಂದಲಾ, ಜಾಹೀರಾತಿನಿಂದಲಾ? ಇನ್ನೆರಡು ಪ್ರಶ್ನೆ: ಜಿ-ಶಾಕ್ ಇಲ್ಲಿ ಸಿಗ್ನಲ್ಲೇ ಹಿಡಿಯಲ್ಲ, ಕೆಟ್ಟಿದೆಯಾ? ಸೀಕೊದಲ್ಲಿ ವಾರದ ಹೆಸರು ಅರಬ್ಬಿಯಲ್ಲಿ ಬರ್ತಿದೆ, ಇಂಗ್ಲಿಷಿಗೆ ತರೋದು ಹೇಗೆ?

ಉತ್ತರ (ವಾಚ್ ರಿಪೇರಿ, ಬೆಂಗಳೂರು)

ಜಿ-ಶಾಕ್ ಕೆಟ್ಟಿಲ್ಲ ಮೇಡಂ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅದು ರೇಡಿಯೊ ಸಿಗ್ನಲ್ ಹಿಡಿದು ಸಮಯ ತಾನೇ ಸರಿಮಾಡಿಕೊಳ್ಳುವ ವಾಚು. ಮಲ್ಟಿಬ್ಯಾಂಡ್ 6 ಅಂದ್ರೆ ಆ ಸಿಗ್ನಲ್ ಕಳಿಸುವ ಆರು ಪ್ರಸಾರ ಕೇಂದ್ರ: ಜಪಾನಿನಲ್ಲಿ ಎರಡು, ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿ ಒಂದೊಂದು. ಜರ್ಮನಿಯದ್ದು ಫ್ರಾಂಕ್‌ಫರ್ಟ್ ಹತ್ತಿರದ ಮೈನ್‌ಫ್ಲಿಂಗನ್‌ನಲ್ಲಿದೆ. ಅಲ್ಲಿಂದ ಸುಮಾರು 1,500 ಕಿ.ಮೀ. ದೂರದವರೆಗೆ ವಾಚಿಗೆ ಸಿಗ್ನಲ್ ಸಿಗುತ್ತೆ. ನಮ್ಮ ಕರಾವಳಿಗಾಗಲಿ ಗಲ್ಫಿಗಾಗಲಿ ಆರರಲ್ಲಿ ಒಂದೂ ನೆಚ್ಚುವ ಹಾಗೆ ಮುಟ್ಟಲ್ಲ. ಹೋಮ್ ಸಿಟಿಯನ್ನ ಬರ್ಲಿನ್‌ನಿಂದ ಡೆಲ್ಲಿಗೆ ಬದಲಿಸಿ, ಅಂದ್ರೆ +5:30. ಆಮೇಲೆ ಸಮಯ ಕೈಯಾರೆ ಕೂಡಿಸಿ. ಡೆಲ್ಲಿ ಹಾಕಿದ್ರೆ ರಾತ್ರಿ ಸಿಗ್ನಲ್ ಹುಡುಕೋ ಕೆಲಸವನ್ನ ಬಹುತೇಕ ಮಾಡೆಲ್‌ಗಳು ತಾವೇ ಬಿಟ್ಟುಬಿಡ್ತವೆ. ಮುಂದಕ್ಕೆ ಅದೊಂದು ಸಾಮಾನ್ಯ ಕ್ವಾರ್ಟ್ಜ್ ವಾಚು, ತಿಂಗಳಿಗೆ 15 ಸೆಕೆಂಡ್ ಆಚೀಚೆ. ಇಲ್ಲಿ ಹೊಸದು ತಗೊಳ್ಳೋರು ರೇಡಿಯೊಗೆ ದುಡ್ಡು ಸುರಿಯಬೇಡಿ, ಫೋನಿನಿಂದ ಸಮಯ ತಗೊಳ್ಳುವ ಬ್ಲೂಟೂತ್ ಮಾಡೆಲ್ ಸಾಕು.

ನಿಮ್ಮ ದೊಡ್ಡ ಪ್ರಶ್ನೆಗೂ ಅರ್ಧ ಉತ್ತರ ಇದರಲ್ಲೇ ಇದೆ. ಜರ್ಮನಿಯಲ್ಲಿ ಸಿಗ್ನಲ್ ಇದೆ, ಅದಕ್ಕೇ ಯುಂಗ್‌ಹಾನ್ಸ್ 1990ರಲ್ಲೇ ರೇಡಿಯೊ ಕೈಗಡಿಯಾರ ತಂತು. ಇಲ್ಲಿ ಸಿಗ್ನಲ್ ಇಲ್ಲ, ಅಂಗಡಿಯವರು ಇಡಲ್ಲ. ಒಂದು ಸೀಮೆಯಲ್ಲಿ ಒಂದು ಬ್ರ್ಯಾಂಡ್ ನೆಲೆಯೂರೋದಕ್ಕೆ ಗುಣಮಟ್ಟಕ್ಕಿಂತ ಮುಖ್ಯ ಕಾರಣ ಮೂರು: ಸರ್ಕಾರ ಯಾವುದನ್ನ ಒಳಗೆ ಬಿಡ್ತು, ಯಾರ ಕೈಯಲ್ಲಿ ಹೊರಗಿಂದ ಬಂತು, ಕೆಟ್ಟಾಗ ಬೀದಿ ತುದಿಯ ರಿಪೇರಿಯವನ ಡಬ್ಬಿಯಲ್ಲಿ ಪಾರ್ಟು ಇತ್ತಾ.

ನಮ್ಮಲ್ಲಿ ಮೊದಲು ಫಾವ್ರ್-ಲೂಬಾ, ವೆಸ್ಟ್ ಎಂಡ್, ರೋಮರ್ ತರಹದ ಸ್ವಿಸ್ ಹೆಸರುಗಳು ಓಡ್ತಿದ್ವು. ಆಮದು ಬಿಗಿಯಾಯ್ತು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಲ್ಲಿ ವಾಚು ಮಾಡೋಕೆ ಶುರು ಮಾಡ್ತು. ಹಾಗಾಗಿ ಅಪ್ಪನ ಜನತಾದ ಮಿಷಿನ್ನಿಗೆ ಜಪಾನಿನ ಬೇರಿದೆ. ಪೈಪೋಟಿಯೇ ಇಲ್ಲದ ಕಾಲದಲ್ಲಿ ಅದು ಊರೂರಿಗೆ ಹೋಯ್ತು, ಜೊತೆಗೆ ಅದರ ಬ್ಯಾಲೆನ್ಸ್ ಸ್ಟಾಫು, ಮೇನ್‌ಸ್ಪ್ರಿಂಗಿನಂಥ ಪಾರ್ಟುಗಳೂ ಹೋದ್ವು. ಟೈಟಾನ್ 1984ರ ಕಂಪನಿ, ಕಾರ್ಖಾನೆ ಹೊಸೂರಿನಲ್ಲಿ. ಅದು ಬಂದದ್ದು ಸೆಲ್ ವಾಚು ಹಿಡ್ಕೊಂಡು. ಎಚ್‌ಎಂಟಿ ಕೀ ಕೊಡುವ ವಾಚನ್ನೇ ನಂಬಿ ಕೂತದ್ದು ಎಡವಟ್ಟಾಯ್ತು ಅನ್ನೋದು ನನ್ನ ಅಭಿಪ್ರಾಯ.

ಬ್ರೆಜಿಲ್ ನೋಡಿ, ಕತೆ ಇದೇ, ಹೆಸರು ಬೇರೆ. ಅಲ್ಲಿ ಆಮದು ಸುಂಕ ಜಾಸ್ತಿ, ಅಮೆಜಾನ್ ಕಾಡಿನ ನಡುವಿನ ಮನೌಸ್ ಮುಕ್ತ ವಲಯದಲ್ಲಿ ಜೋಡಿಸಿದ್ರೆ ರಿಯಾಯ್ತಿ. ಅಲ್ಲಿ ಜೋಡಿಸುವ ಟೆಕ್ನೋಸ್, ಓರಿಯೆಂಟ್ ಹೆಸರು ಬ್ರೆಜಿಲ್‌ನಲ್ಲಿ ಮನೆಮಾತು. ಟೆಕ್ನೋಸ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಈಗ ಪೂರ್ತಿ ಬ್ರೆಜಿಲ್ ಕಂಪನಿ. ಬ್ರಿಟನ್ನಿನ ಸೆಕೊಂಡಾ 1966ರಲ್ಲಿ ಶುರುವಾದಾಗ ಒಳಗಿದ್ದದ್ದು ಸೋವಿಯತ್ ಮಿಷಿನ್ನು, ಗೊತ್ತಿಲ್ಲದವರು ಅದನ್ನ ಅಪ್ಪಟ ಇಂಗ್ಲಿಷ್ ವಾಚು ಅಂದ್ಕೋತಾರೆ.

ಈಗ ಸೀಕೊ. ನಿಮ್ಮದು 7ಎಸ್26 ಮಿಷಿನ್ ಇರಬೇಕು, ಹಿಂದಿನ ಮುಚ್ಚಳದ ಮೇಲೆ ಆ ನಂಬರ್ ನೋಡ್ಕೊಳ್ಳಿ. ವಾರ ತೋರಿಸುವ ಬಿಲ್ಲೆಯಲ್ಲಿ ಏಳಲ್ಲ, 14 ಹೆಸರಿವೆ: ಒಂದು ಇಂಗ್ಲಿಷ್, ಒಂದು ಸ್ಥಳೀಯ ಭಾಷೆ, ಹೀಗೆ ಜೋಡಿಯಾಗಿ. ಗಲ್ಫಿಗೆ ಅರಬ್ಬಿ, ಅಮೆರಿಕ ಕಡೆಗೆ ಸ್ಪ್ಯಾನಿಷ್, ಜಪಾನಿಗೆ ಕಾಂಜಿ ಲಿಪಿ. ವಾಚು ಮೊದಲು ಯಾವ ಮಾರುಕಟ್ಟೆಗೆ ಹೋಗಿತ್ತು ಅಂತ ಈ ಬಿಲ್ಲೆಯಿಂದಲೇ ಹೇಳಬಹುದು.

ಭಾಷೆ ಬದಲಿಸೋದು ಹೀಗೆ. ಮೊದಲು ಮುಳ್ಳು ತಿರುಗಿಸಿ ಗಂಟೆಯನ್ನ ಬೆಳಗಿನ 6ರ ಆಸುಪಾಸಿಗೆ ತನ್ನಿ. ಕೀಯನ್ನ ಒಂದೇ ಹಂತ ಹೊರಗೆಳೀರಿ. ಒಂದು ದಿಕ್ಕಿಗೆ ತಿರುಗಿಸಿದ್ರೆ ತಾರೀಖು, ಇನ್ನೊಂದು ದಿಕ್ಕಿಗೆ ವಾರ ಓಡುತ್ತೆ. ವಾರದ ಕಡೆ ನಿಧಾನ ತಿರುಗಿಸಿ, ಅರಬ್ಬಿಯ ಮಗ್ಗುಲಿಗೇ ಇಂಗ್ಲಿಷ್ ಬರುತ್ತೆ. ಅಲ್ಲಿ ನಿಲ್ಲಿಸಿ ಕೀ ಒಳಗೆ ಒತ್ತಿ. ರಾತ್ರಿ 9ರಿಂದ ಬೆಳಗಿನ ಜಾವ 4ರ ನಡುವೆ ಮಾತ್ರ ಈ ಕೆಲಸ ಬೇಡ. ಆಗ ಬಿಲ್ಲೆ ತಳ್ಳುವ ಪುಟ್ಟ ಬೆರಳು ಹಲ್ಲಿಗೆ ಕಚ್ಕೊಂಡಿರುತ್ತೆ, ಒತ್ತಾಯ ಮಾಡಿದ್ರೆ ಮುರಿಯುತ್ತೆ, ಆಮೇಲೆ ತಾರೀಖು ಅರ್ಧಕ್ಕೇ ನಿಲ್ಲುತ್ತೆ. ಇನ್ನೊಂದು: ಮಧ್ಯರಾತ್ರಿ ದಾಟಿದ ಮೇಲೆ ಒಂದಷ್ಟು ಹೊತ್ತು ಮತ್ತೆ ಅರಬ್ಬಿ ಕಂಡ್ರೆ ಗಾಬರಿ ಬೇಡ. ಬಿಲ್ಲೆ ದಿನಕ್ಕೆ ಎರಡು ಹೆಜ್ಜೆ ಇಡುತ್ತೆ, ನಸುಕಿನಲ್ಲಿ ಎರಡನೇ ಹೆಜ್ಜೆಗೆ ಇಂಗ್ಲಿಷಿಗೆ ಬರುತ್ತೆ.

ಪ್ರತಿಕ್ರಿಯೆ (ವಾಚ್ ರಿಪೇರಿ, ಮಂಗಳೂರು)

ಬೆಂಗಳೂರಿನವರ ಮಾತಿಗೆ ಒಂದು ಸೇರಿಸ್ತೇನೆ. 7ಎಸ್26 ಪೂರ್ತಿ ಹೋಗಿದ್ರೆ ಸೀಕೊದ್ದೇ ಎನ್‌ಎಚ್36 ಮಿಷಿನ್ ಹಾಕಬಹುದು, ಡಯಲ್ಲೂ ಮುಳ್ಳೂ ಹಳೆಯವೇ ಕೂರ್ತವೆ. ಕೈಯಲ್ಲಿ ಕೀ ಕೊಡಬಹುದು, ಸೆಕೆಂಡ್ ಮುಳ್ಳನ್ನ ನಿಲ್ಲಿಸಿ ಸಮಯ ಕೂಡಿಸಬಹುದು, ಇದು ಲಾಭ. ಆದ್ರೆ ಕೀ 4ರ ಹತ್ತಿರ ಇರುವ ಕೇಸಾದ್ರೆ ವಾರ ಮತ್ತು ತಾರೀಖಿನ ಬಿಲ್ಲೆ ಹಳೇದನ್ನೇ ದಾಟಿಸಬೇಕು. ಹೊಸತನ್ನೇ ಬಿಟ್ರೆ ಕಿಟಕಿಯಲ್ಲಿ ಅಕ್ಷರ ಓರೆಯಾಗಿ ಕಾಣ್ತದೆ.

ಕರಾವಳಿಯವರಿಗೆ ಇನ್ನೊಂದು: ಬೆವರು, ಉಪ್ಪುಗಾಳಿ ಎರಡೂ ಇರುವಲ್ಲಿ ಚರ್ಮದ ಬೆಲ್ಟ್ ಒಂದೇ ಮಳೆಗಾಲಕ್ಕೆ ವಾಸನೆ ಹಿಡೀತದೆ. ಸ್ಟೀಲ್ ಚೈನು, ರಬ್ಬರ್ ಅಥವಾ ನೈಲಾನ್ ಹಾಕಿ. ಸೆಲ್ ಬದಲಿಸುವಾಗ ಮುಚ್ಚಳದ ರಬ್ಬರ್ ರಿಂಗನ್ನೂ ನೋಡೋಕೆ ಹೇಳಿ. ಚಪ್ಪಟೆ ಆಗಿದ್ರೆ ಹೊಸದು, ಸರಿ ಇದ್ರೆ ತೆಳ್ಳಗೆ ಸಿಲಿಕೋನ್ ಗ್ರೀಸ್. ನಮ್ಮ ಕಡೆ ಗಲ್ಫಿನಿಂದ ಬಂದ ಸೀಕೊ, ಸಿಟಿಜನ್ ಸ್ಟೀಲ್ ಚೈನಿನವು ಇಷ್ಟು ಕಾಲ ಉಳಿದದ್ದರಲ್ಲಿ ಬ್ರ್ಯಾಂಡಿನಷ್ಟೇ ಆ ಚೈನಿನ ಪಾಲೂ ಉಂಟು.

ಪ್ರಶ್ನೆ (ಸದಸ್ಯ, ದಾವಣಗೆರೆ)

ಮದುವೆಗೆ ಉಡುಗೊರೆ ಅಂದ್ರೆ ನಮ್ಮಲ್ಲಿ ರಾಡೊ. ಯುರೋಪಿನ ವಾಚ್ ಪ್ರಿಯರು ಅದರ ಹೆಸರೇ ಎತ್ತಲ್ಲ, ಯಾಕೆ ಸರ್? ಸ್ವಿಸ್ ವಾಚು ಈಗ ಅಗ್ಗ ಆಗುತ್ತಂತೆ, ಹೌದಾ?

ಉತ್ತರ (ಬೆಂಗಳೂರು)

ರಾಡೊಗೆ ಭಾರತ ಅತಿ ದೊಡ್ಡ ಮಾರುಕಟ್ಟೆಗಳಲ್ಲೊಂದು. 1962ರ ಡಯಾಸ್ಟಾರ್ ಟಂಗ್‌ಸ್ಟನ್ ಕಾರ್ಬೈಡ್ ಕೇಸು, ನೀಲಮಣಿ ಗ್ಲಾಸಿನದು, ಗೀರು ಬೀಳಲ್ಲ. ಬಸ್ಸಿನ ಕಂಬಿ, ಅಂಗಡಿ ಗಲ್ಲಾ, ಬಾಗಿಲ ಚಿಲಕಕ್ಕೆ ದಿನಾ ಉಜ್ಜಿದ್ರೂ ಹತ್ತು ವರ್ಷಕ್ಕೂ ಹೊಳೆಯೋ ವಾಚು ನಮ್ಮವರಿಗೆ ಹಿಡಿಸದೆ ಇರುತ್ತಾ? ಯುರೋಪಿನ ಸಂಗ್ರಹಕಾರರು ನೋಡೋದು ಒಳಗಿನ ಮಿಷಿನ್ನು, ಹಳೆ ವಂಶಾವಳಿ. ನೋಡೋ ಕಣ್ಣೇ ಬೇರೆ, ವಾಚಿನ ತಪ್ಪೇನಿಲ್ಲ.

ಆದ್ರೆ ಗಟ್ಟಿ ಇರೋದು ಪೆಡಸೂ ಆಗಿರುತ್ತೆ, ಪೆಟ್ಟಿಗೆ ಒಡೆಯುತ್ತೆ. ಗ್ರಾನೈಟ್ ನೆಲಕ್ಕೆ ಬಿದ್ರೆ ಗೀರಲ್ಲ, ಗ್ಲಾಸಿನ ಅಂಚೇ ಚಕ್ಕೆ ಏಳುತ್ತೆ, ಪಾಲಿಶ್ ಮಾಡಿ ಸರಿಪಡಿಸೋಕೆ ಆಗಲ್ಲ, ಬದಲಿಸಬೇಕು. ಸೆರಾಮಿಕ್ ಚೈನಿನ ಕೊಂಡಿ ತೆಗೆಯೋವಾಗ ಸುತ್ತಿಗೆ ಎತ್ತುವವರ ಕೈಗೆ ಕೊಡಬೇಡಿ, ಕೊಂಡಿ ಎರಡು ಹೋಳಾಗುತ್ತೆ.

ಬೆಲೆ ವಿಷಯ: ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಕೂಟದ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ವಾಚಿನ ಆಮದು ಸುಂಕ ವರ್ಷವರ್ಷ ಹಂತಹಂತವಾಗಿ ಇಳಿಯುತ್ತೆ, ಒಂದೇ ಸಲಕ್ಕಲ್ಲ. 18% ಜಿಎಸ್‌ಟಿ ಅದರ ಪಾಡಿಗೆ ಇರುತ್ತೆ. ಮದುವೆ ಈ ವರ್ಷ ಇದ್ರೆ ಕಾಯೋದ್ರಲ್ಲಿ ಅರ್ಥ ಇಲ್ಲ. ಅಷ್ಟಕ್ಕೂ 2024ರಲ್ಲಿ ಸ್ವಿಸ್ ವಾಚ್ ರಫ್ತು ಒಟ್ಟು ಸುಮಾರು 2,600 ಕೋಟಿ ಫ್ರಾಂಕ್, ನಮ್ಮ ಪಾಲು 27 ಕೋಟಿಯ ಆಸುಪಾಸು. ಅವರ ದೊಡ್ಡ ಗಿರಾಕಿ ಅಮೆರಿಕ.

ಪ್ರಶ್ನೆ (ಸದಸ್ಯ, ನ್ಯೂಜೆರ್ಸಿ)

ಊರಿನ ನೆನಪಿಗೆ ಆನ್‌ಲೈನ್‌ನಲ್ಲಿ ಎಚ್‌ಎಂಟಿ ಪೈಲಟ್ ನೋಡ್ತಿದೀನಿ. ಹಸಿರು, ಕೇಸರಿ, ಗುಲಾಬಿ, ಎಲ್ಲ ಬಣ್ಣದ ಡಯಲ್ಲೂ ಇವೆ. ಒರಿಜಿನಲ್ ಗುರುತಿಸೋದು ಹೇಗೆ?

ಉತ್ತರ (ಬೆಂಗಳೂರು)

ಕಾರ್ಖಾನೆಯಿಂದ ಬಂದ ಪೈಲಟ್ ಹೆಚ್ಚಾಗಿ ಕಪ್ಪು ಡಯಲ್ಲಿನದು. ಗುಲಾಬಿ ಕಂಡ್ರೆ ಮುಂದಕ್ಕೆ ಹೋಗಿ, ಅದು ಹಳೇ ಡಯಲ್ ತಿಕ್ಕಿ ಹೊಸದಾಗಿ ಅಚ್ಚು ಹಾಕಿದ್ದು. ಮಾರುವವರಿಂದ ಮೂರು ಫೋಟೊ ಕೇಳಿ: ಡಯಲ್ಲಿನ ಹತ್ತಿರದ್ದು, ಮುಚ್ಚಳ ತೆಗೆದ ಮಿಷಿನ್ನಿನದು, ಮುಚ್ಚಳದ ಒಳಮೈಯದು. ಡಯಲ್ಲಿನಲ್ಲಿ ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರ ಇರಬೇಕು, ಅಕ್ಷರದ ಅಂಚು ಹರಡಿರಬಾರದು. ಮಿಷಿನ್ನಿನ ಮೇಲೆ ಎಚ್‌ಎಂಟಿ ಮುದ್ರೆ, 17 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಹರಳು) ಅಂತ ಇರಬೇಕು. ಸ್ಕ್ರೂ ತಲೆಗಳು ಸವೆದಿದ್ರೆ ಹತ್ತಾರು ಕೈ ದಾಟಿದೆ ಅಂತ ಲೆಕ್ಕ.

ವಾಚು ಬಂದ ಮೇಲೆ ಬೆಳಿಗ್ಗೆ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಡಿ. ಕೀ ಬಿಗಿ ಅನ್ನಿಸಿದ ತಕ್ಷಣ ನಿಲ್ಲಿಸಿ. 40 ಗಂಟೆಯ ಹತ್ತಿರ ಓಡಬೇಕು, ದಿನಕ್ಕೆ ಅರ್ಧ ನಿಮಿಷದ ಹೆಚ್ಚುಕಡಿಮೆ ಒಪ್ಪಬಹುದು. ಒಮ್ಮೆಲೇ ಗಂಟೆಗೆ ಹತ್ತಾರು ನಿಮಿಷ ಮುಂದೆ ಓಡಿದ್ರೆ ಹೇರ್‌ಸ್ಪ್ರಿಂಗ್ (ಒಳಗಿನ ಕೂದಲೆಳೆಯಂಥ ಸ್ಪ್ರಿಂಗು) ಸುರುಳಿ ಒಂದಕ್ಕೊಂದು ಅಂಟಿದೆ ಅಂತ, ಎಣ್ಣೆ ತಾಗಿರುತ್ತೆ ಅಥವಾ ಅಯಸ್ಕಾಂತ ಹಿಡಿದಿರುತ್ತೆ. ಅಯಸ್ಕಾಂತ ಆದ್ರೆ ಅದನ್ನ ಬಿಡಿಸುವ ಡೀಮ್ಯಾಗ್ನೆಟೈಸರ್ ಮೇಲೆ ಕೆಲವೇ ಸೆಕೆಂಡಿನ ಕೆಲಸ. ಎಣ್ಣೆ ಆದ್ರೆ ಬಿಚ್ಚಿ ತೊಳೀಲೇಬೇಕು. ನ್ಯೂಜೆರ್ಸಿಯಲ್ಲಿ ಸ್ವಿಸ್ ವಾಚು ನೋಡುವವರು ಸಿಗ್ತಾರೆ, ಎಚ್‌ಎಂಟಿ ಪಾರ್ಟು ಅವರ ಹತ್ತಿರ ಇರೋದು ಕಮ್ಮಿ. ಊರಿಗೆ ಬಂದಾಗ ಒಂದು ಮೇನ್‌ಸ್ಪ್ರಿಂಗು, ಒಂದು ಬ್ಯಾಲೆನ್ಸ್ ಪೂರ್ತಿ ಸೆಟ್ಟು, ಕೀ ಮತ್ತು ಅದರ ಕಡ್ಡಿ, ಎರಡು ಗ್ಲಾಸು ತಗೊಂಡು ಹೋಗಿ. ಕಡ್ಡಿಯನ್ನ ಮೊದಲೇ ಕತ್ತರಿಸಿ ತರಬೇಡಿ, ಕೇಸಿಗೆ ಹಿಡಿದು ಅಳತೆ ಮಾಡಿಯೇ ಕತ್ತರಿಸಬೇಕು.