ಬಿಕಾಂ ಮುಗಿದಿದೆ, ಕೊನೆತನಕ ಗ್ಯಾರಂಟಿ ಇರುವ ಕೆಲಸ ಯಾವುದು? ಅನುಭವ ಇದ್ದವರು ಹೇಳಿ

ಹೊಸದುರ್ಗದ ಹುಡುಗ
ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಬಿಕಾಂ, 71%. ಮನೆಯಲ್ಲಿ ಮೂರು ಎಕರೆ ತೆಂಗು, ನೀರು ಇರುವುದು ಒಂದು ಎಕರೆಗೆ. ತಂಗಿ ಪಿಯುಸಿ ಓದುತ್ತಿದ್ದಾಳೆ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ. ಟ್ಯಾಲಿ, ಜಿಎಸ್‌ಟಿ, ಕೈಗೆ 17,500. ಬರುತ್ತೇನೋ ಇಲ್ಲವೋ ಅಂತ ಸೋಮವಾರದೊಳಗೆ ಹೇಳಬೇಕು. ಸೋದರಮಾವ ಮಾತ್ರ ಅದೆಲ್ಲ ಬೇಡ, ಧಾರವಾಡದಲ್ಲಿ ಎರಡು ವರ್ಷ ಕೂತು ಓದು, ಎಸ್‌ಡಿಎ, ಎಫ್‌ಡಿಎ ಅಂತ ಸರ್ಕಾರಿ ಗುಮಾಸ್ತ ಹುದ್ದೆಯ ಪರೀಕ್ಷೆ ಬರಿ ಅನ್ನುತ್ತಾರೆ. ಖರ್ಚಿಗೆ ಒಂದೂವರೆ ಲಕ್ಷ ಕೊಡುತ್ತಾರಂತೆ. ನಾನು ಕೇಳುವುದು ಇಷ್ಟೇ. ಕೆಲಸ ಮಾಡುತ್ತಾ ಓದಿ ಪಾಸಾದವರು ಯಾರಾದರೂ ಇದ್ದೀರಾ? ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದಿರಿ?

ಸಪ್ತಾಪುರ ರೂಂ ನಂ. 9
ತಮ್ಮಾ, ಒಂದೂವರೆ ಲಕ್ಷ ಅಂದರೆ ನಿಮ್ಮ ಮಾವ ಧಾರವಾಡ ನೋಡಿಲ್ಲ. ನಾನು ಲೆಕ್ಕ ಬರೆದಿಟ್ಟಿದ್ದೇನೆ, ಡೈರಿ ಈಗಲೂ ಇದೆ. ಮೂರು ಜನ ಸೇರಿ ರೂಂ, ನನ್ನ ಪಾಲು 2,200. ಮೆಸ್ 2,800, ಅದೂ ಭಾನುವಾರ ರಾತ್ರಿ ಬಂದ್. ರೀಡಿಂಗ್ ರೂಂ 600. ಕರೆಂಟು, ನೀರು 200. ಜೆರಾಕ್ಸ್, ಮಾಸಪತ್ರಿಕೆ 400. ಚಹಾ, ಗಿರಮಿಟ್ಟು 700. ಒಟ್ಟು 6,900. 2019ರ ಜೂನ್‌ಗೆ ಬಂದೆ, 2024ರ ಆಗಸ್ಟ್‌ವರೆಗೆ ಇದ್ದೆ. ಕೊರೊನಾದಲ್ಲಿ ಊರಲ್ಲಿದ್ದ ಏಳು ತಿಂಗಳು ಬಿಟ್ಟರೆ 56 ತಿಂಗಳು. ಅಂದರೆ 3,86,400. ಕೋಚಿಂಗ್ 28,000. ಅರ್ಜಿ ಫೀಸು, ಪರೀಕ್ಷೆಗೆ ಓಡಾಡಿದ ಬಸ್ಸು, ಲಾಡ್ಜು ಎಲ್ಲ ಸೇರಿ 19,000. ಒಟ್ಟು 4,33,400.

ಮೊದಲ ಸಲ 11 ಅಂಕಕ್ಕೆ ಹೋಯಿತು. ಎರಡನೇ ಸಲ 1.25ಕ್ಕೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರಲ್ಲ, ಐದು ಪ್ರಶ್ನೆ ಸುಮ್ನೆ ಖಾಲಿ ಬಿಟ್ಟಿದ್ದರೆ ಸಾಕಿತ್ತು. ಅವತ್ತು ರಾತ್ರಿ ಆ ಐದು ಪ್ರಶ್ನೆ ಯಾವುದಿರಬಹುದು ಅಂತ ಓಎಂಆರ್ ಉತ್ತರ ಹಾಳೆಯ ಕಾರ್ಬನ್ ಪ್ರತಿ ಹಿಡಿದು ಬೆಳಗಿನ ತನಕ ಕೂತಿದ್ದೆ. ಮೂರನೆಯ ಪರೀಕ್ಷೆಯೇ ರದ್ದಾಯಿತು. ಈಗ ಎಸ್‌ಡಿಎ, ಬೇಸಿಕ್ 34,100. ಯಾರೂ ನನ್ನನ್ನು ಮನೆಗೆ ಕಳಿಸಲಾರರು. ಕೂತರೆ ಆಗುತ್ತದೆ, ಕೆಲಸ ಮಾಡಿಕೊಂಡು ಓದುತ್ತೇನೆ ಅನ್ನುವುದೆಲ್ಲ ಬರೀ ಬೊಗಳೆ.

ಔಟರ್ ರಿಂಗ್ ರೋಡ್
4.33 ಲಕ್ಷ ಯಾರ ದುಡ್ಡು ಸ್ವಾಮಿ? ನಿಮ್ಮಪ್ಪಂದು ಅಲ್ವಾ?

ನನ್ನ ಕಥೆ ಕೇಳಿ. 2006ರಲ್ಲಿ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿತು. ಅವತ್ತು ಊರಲ್ಲಿ ಸಿಹಿ ಹಂಚಿದ್ದರು. 17 ವರ್ಷ ದುಡಿದೆ, ಕೊನೆಯ ಕಂಪನಿಯಲ್ಲೇ ಒಂಬತ್ತು ವರ್ಷ. ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್ ಹಾಕಿದರು, ನಾನು, ಮ್ಯಾನೇಜರ್, ಎಚ್‌ಆರ್ ಹುಡುಗಿ. ಆ ಹುಡುಗಿಗೆ ನನ್ನ ಹೆಸರು ಹೇಳಲೂ ಸರಿಯಾಗಿ ಬರಲಿಲ್ಲ. ಮೀಟಿಂಗ್ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆದರೆ ಲಾಕ್. ಮಗಳ ಫೋಟೋಗಳು ಅದರಲ್ಲೇ ಇದ್ದವು. ಮನೆ ಸಾಲದ ಕಂತು 62,000, ಸ್ಕೂಲ್ ಫೀಸು ವರ್ಷಕ್ಕೆ 1.8 ಲಕ್ಷ, ಅಪ್ಪನಿಗೆ ಡಯಾಲಿಸಿಸ್. ಕಂಪನಿಯ ಮೆಡಿಕಲ್ ಇನ್ಶೂರೆನ್ಸ್‌ನಲ್ಲಿ ಅಪ್ಪನ ಹೆಸರಿತ್ತು, ಕೆಲಸದ ಜೊತೆ ಅದೂ ಹೋಯಿತು. ಹೊರಗೆ ಹೊಸ ಪಾಲಿಸಿ ಕೇಳಿದರೆ 71 ವರ್ಷದ ಕಿಡ್ನಿ ಪೇಷಂಟ್‌ಗೆ ಯಾರು ಕೊಡುತ್ತಾರೆ? ಹನ್ನೊಂದು ತಿಂಗಳು ಖಾಲಿ ಕೂತು, ಈಗ ಹಳೇ ಸಂಬಳದ ಅರ್ಧಕ್ಕೆ ದುಡಿಯುತ್ತಿದ್ದೇನೆ. ಆದರೂ ನನ್ನ ಅನ್ನ ನಾನೇ ದುಡಿದು ತಿಂದಿದ್ದೇನೆ. 29 ವರ್ಷದ ತನಕ ಮೆಸ್ಸಿನ ಟೋಕನ್ ಎಣಿಸಲಿಲ್ಲ.

ಸಪ್ತಾಪುರ ರೂಂ ನಂ. 9
ಟೋಕನ್ ಎಣಿಸಿದ್ದಕ್ಕೇ ಇವತ್ತು ರಾತ್ರಿ ನಿದ್ದೆ ಬರುತ್ತದೆ ಸರ್. ನಿಮಗೆ ಬರುತ್ತಾ?

ಔಟರ್ ರಿಂಗ್ ರೋಡ್
ಬರಲ್ಲ. ಸರಿ. ಈಗ ಸಮಾಧಾನ ಆಯಿತಾ?

ಭದ್ರಾವತಿ ಕ್ವಾರ್ಟರ್ಸ್
ಇಬ್ಬರೂ ಸ್ವಲ್ಪ ತಣ್ಣಗಾಗಿ. ಪರ್ಮನೆಂಟ್ ಅನ್ನುವ ಪದ ಕೇಳಿದರೆ ನನಗೆ ನಗು ಬರುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಮದುವೆಗೆ ಎಚ್‌ಎಂಟಿ ವಾಚು, ಅದರ ಜೊತೆಗೆ ಎಚ್‌ಎಂಟಿ ಅಳಿಯ ಸಿಕ್ಕರೆ ಪುಣ್ಯ ಅನ್ನುತ್ತಿದ್ದ ಕಾಲ ಒಂದಿತ್ತು. ನಮ್ಮಪ್ಪನೂ ಇಂಥದ್ದೇ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ವಿಆರ್‌ಎಸ್ (ಸ್ವಯಂ ನಿವೃತ್ತಿ) ದುಡ್ಡಲ್ಲಿ ಜೀಪು ಕೊಂಡು ಬಾಡಿಗೆಗೆ ಬಿಟ್ಟರು. ಎರಡೇ ವರ್ಷಕ್ಕೆ ಎಂಜಿನ್ ರಿಪೇರಿಗೆ ಬಂತು, 48,000. ಜೀಪು ಹೋಯಿತು, ದುಡ್ಡೂ ಹೋಯಿತು. ಕ್ವಾರ್ಟರ್ಸ್ ಖಾಲಿ ಮಾಡುವಾಗ ಅಮ್ಮ ತಾನು ನೆಟ್ಟ ನುಗ್ಗೆಮರದ ಒಂದು ಕೊಂಬೆ ಕಡಿದುಕೊಂಡು ಬಂದಳು. ಬಾಡಿಗೆ ಮನೆಯಲ್ಲಿ ಅದನ್ನು ನೆಡಲು ಜಾಗ ಎಲ್ಲಿತ್ತು?

ಸ್ಟಾಫ್ ರೂಂ
ಸರ್ಕಾರಿ ಕೆಲಸ ಅಂದರೆ ಪೆನ್ಷನ್ ಅಂದುಕೊಂಡಿದ್ದರೆ ಮರೆತುಬಿಡಿ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ರಾಜ್ಯದಲ್ಲಿ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ ನೂರಕ್ಕೆ ಹತ್ತು ನಮ್ಮ ಸಂಬಳದಿಂದಲೇ ಕಟ್. ನಾನು 2008ರ ಬ್ಯಾಚ್, ಹೈಸ್ಕೂಲ್ ಶಿಕ್ಷಕ. ಪಕ್ಕದ ಟೇಬಲ್‌ನವರು ನನಗಿಂತ ಮೂರು ವರ್ಷ ಸೀನಿಯರ್, ಅಷ್ಟೇ. ಅವರು ನಿವೃತ್ತರಾದರೆ ಕೊನೇ ಬೇಸಿಕ್‌ನ ಅರ್ಧ ಪಿಂಚಣಿ, ಅದರ ಮೇಲೆ ಡಿಎ. ನಮಗೆ ಮಾರ್ಕೆಟ್ ಏನು ಕೊಡುತ್ತದೋ ಅದು. ಅದರಲ್ಲೂ ನೂರಕ್ಕೆ ನಲವತ್ತು ಆನ್ಯುಟಿಗೆ, ಅಂದರೆ ತಿಂಗಳ ಪಿಂಚಣಿ ಕೊಡುವ ಪಾಲಿಸಿಗೆ ಹಾಕಲೇಬೇಕು. ಒಂದೇ ಪಾಠ, ಒಂದೇ ಗಂಟೆ, ಒಂದೇ ಬಿಸಿಯೂಟದ ಲೆಕ್ಕ. 2023ರ ಮಾರ್ಚ್ 1ಕ್ಕೆ ಮುಷ್ಕರ ಮಾಡಿದೆವು. ಶೇ. 17 ಮಧ್ಯಂತರ ಪರಿಹಾರ ಅಂದರು, ಅದೇ ದಿನ ಮುಷ್ಕರ ವಾಪಸ್. ಒಪಿಎಸ್ (ಹಳೇ ಪಿಂಚಣಿ) ಬೇಡಿಕೆ ಅಲ್ಲೇ ಉಳಿಯಿತು.

ಅಧಿಸೂಚನೆ ದಿನಾಂಕ
ಸರ್, ನಾನು ಸೇರಿದ್ದು 2007ರಲ್ಲಿ. ಆದರೆ ನಮ್ಮ ಅಧಿಸೂಚನೆ 2006ರ ಏಪ್ರಿಲ್‌ಗೆ ಮೊದಲೇ ಆಗಿತ್ತು. ಅಂಥವರಿಗೆ ಒಪಿಎಸ್ ಕೊಡಲು 2024ರ ಜನವರಿಯಲ್ಲಿ ಆದೇಶ ಆಯಿತು. ಅದಕ್ಕಾಗಿ ನಾವು ಎಷ್ಟು ಓಡಾಡಿದ್ದೇವೆ ಅಂತ ನಮಗೇ ಗೊತ್ತು. ಹಳೆಯ ಗೆಜೆಟ್ ಪ್ರತಿಗೆ ಮೂರು ಸಲ ಬೆಂಗಳೂರಿಗೆ ಹೋಗಿದ್ದೆ. ಸುಮ್ನೆ ಕೂತು ಸಿಗಲಿಲ್ಲ.

ಸ್ಟಾಫ್ ರೂಂ
ನಿಮಗೆ ಸಿಕ್ಕಿತು, ನಮ್ಮ ಹೋರಾಟದ ಗ್ರೂಪಿಂದ ಮರುದಿನವೇ ಎಕ್ಸಿಟ್ ಆದಿರಿ. ನೀವೊಬ್ಬರೇ ಅಲ್ಲ, ನಿಮ್ಮ ಬ್ಯಾಚ್ ಪೂರ್ತಿ. ಅದನ್ನೂ ಹೇಳಿ.

ಅಧಿಸೂಚನೆ ದಿನಾಂಕ
ನಾನು ಯಾವ ಗ್ರೂಪಲ್ಲೂ ಇರಲಿಲ್ಲ. ನಿಮ್ಮ ಸಿಟ್ಟು ಬೇರೆಯವರ ಮೇಲೆ.

ಸ್ಟ್ರಾಂಗ್ ರೂಂ ಕೀ
ಬ್ಯಾಂಕಿನ ಬಗ್ಗೆ ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ. ಪುತ್ತೂರಿನವಳು. ಪಿಒ (ಪ್ರೊಬೇಷನರಿ ಆಫೀಸರ್) ಆದೆ. ಮೊದಲ ಪೋಸ್ಟಿಂಗ್ ಉತ್ತರ ಪ್ರದೇಶದ ಗೋಂಡಾ. ಮಂಗಳೂರಿನಿಂದ ಎರಡೂವರೆ ದಿನದ ರೈಲು ಪ್ರಯಾಣ. ಮಗ ಹುಟ್ಟಿದ ಎಂಟನೇ ತಿಂಗಳಿಗೆ ಅಮ್ಮನ ಹತ್ತಿರ ಬಿಟ್ಟು ಹೋದೆ. ಅವನು ನನ್ನನ್ನು ವಿಡಿಯೋ ಕಾಲ್‌ನ ಹೆಂಗಸು ಅಂತಲೇ ತಿಳಿದಿದ್ದ, ಊರಿಗೆ ಬಂದರೆ ನನ್ನ ಫೋನನ್ನೇ ಹುಡುಕುತ್ತಿದ್ದ. ಸ್ಟ್ರಾಂಗ್ ರೂಂಗೆ ಎರಡು ಕೀ, ಒಂದು ನನ್ನ ಬಳಿ. ಜ್ವರ ಬಂದರೂ ಕೀ ಒಪ್ಪಿಸದೆ ರಜೆ ಇಲ್ಲ. ಒಂದು ಸಂಜೆ ಕ್ಯಾಶ್‌ನಲ್ಲಿ 10,000 ಕಡಿಮೆ ಬಂತು. ಐನೂರರ ಇಪ್ಪತ್ತು ನೋಟು. ರಾತ್ರಿ ಒಂಬತ್ತರ ತನಕ ಎಣಿಸಿದೆವು, ಸಿಗಲಿಲ್ಲ. ಕ್ಯಾಷಿಯರ್ ಹುಡುಗನೂ ನಾನೂ ಅರ್ಧರ್ಧ ಕಟ್ಟಿದೆವು. ಇನ್ಶೂರೆನ್ಸ್ ಮಾರಲು ಟಾರ್ಗೆಟ್ ಬೇರೆ, ನಮ್ಮ ಚಿಕ್ಕಪ್ಪ, ದೊಡ್ಡಪ್ಪ ಎಲ್ಲರಿಗೂ ಒಂದೊಂದು ಪಾಲಿಸಿ ಮಾಡಿಸಿ ಮುಗಿಯಿತು. ಆದರೂ ಕೆಲಸ ಹೋಗಲ್ಲ, ಅದು ನಿಜ.

ಬಂಟ್ವಾಳ ಹಳಬ
ಕೆಲಸ ಹೋಗಲ್ಲ, ಬ್ಯಾಂಕೇ ಹೋಗುತ್ತದೆ! ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬರೋಡಾದೊಳಗೆ. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ. ಅವಿಭಜಿತ ದಕ್ಷಿಣ ಕನ್ನಡದವರು ಕಟ್ಟಿದ ಬ್ಯಾಂಕುಗಳು.

ಮೈಸೂರ್ ಬ್ಯಾಂಕ್ ಸರ್ಕಲ್
ಕರಾವಳಿಯವರಿಗೆ ಯಾವಾಗಲೂ ತಮ್ಮದೇ ದುಃಖ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಹೋಯಿತು, ಆಗ ನೀವೆಲ್ಲ ಎಲ್ಲಿದ್ದಿರಿ? 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದದ್ದು. ಈಗ ಹೆಸರು ಉಳಿದಿರುವುದು ಬಸ್ ಸ್ಟಾಪ್‌ನಲ್ಲಿ ಮಾತ್ರ.

ಬಂಟ್ವಾಳ ಹಳಬ
ಸಿಂಡಿಕೇಟ್‌ನ ಪಿಗ್ಮಿ ಡೆಪಾಸಿಟ್ ಬಗ್ಗೆ ಗೊತ್ತಾ ನಿಮಗೆ? ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. ನಿಮ್ಮ ಬ್ಯಾಂಕಿನಲ್ಲಿ ದೊಡ್ಡ ಮೀಸೆ ಇಲ್ಲದಿದ್ದರೆ ಒಳಗೇ ಬಿಡುತ್ತಿರಲಿಲ್ಲ.

ಕಂಬ ಹತ್ತಿದವ
ಆ ಹುಡುಗನನ್ನು ಮರೆತೇಬಿಟ್ಟಿರಾ? ತಮ್ಮಾ, ನಿಮ್ಮದು ತೆಂಗಿನ ತೋಟ ಅಂದಿರಿ. ಮರ ಹತ್ತಲು ಬರುತ್ತಾ?

ನಾನು ಪವರ್‌ಮ್ಯಾನ್. ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ ಆಯ್ಕೆ, ಆದರೆ ಎಂಟು ಮೀಟರ್ ಕಂಬ ಹತ್ತಲೇಬೇಕು, ಅದು ಕಡ್ಡಾಯ. ತೆಂಗಿನ ಮರಕ್ಕೆ ಗಂಟು ಇರುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಸಿಮೆಂಟ್ ಕಂಬಕ್ಕೆ ಏನೂ ಇಲ್ಲ, ಅಂಚು ಮಾತ್ರ. ಎರಡು ಅಂಗೈಯಿಂದ ಅಂಚು ಒತ್ತಿ ಹಿಡಿದು, ಪಾದದ ಒಳಭಾಗ ಊರಿ, ಕಪ್ಪೆಯ ಹಾಗೆ ಮೇಲೆ ಜಿಗಿಯಬೇಕು. ಮೊದಲ ವಾರ ಮೂರು ಅಡಿ ಹೋಗಿ ಜಾರುತ್ತಿದ್ದೆ. ಮೊಣಕಾಲಿನ ಒಳಗಡೆ ಚರ್ಮ ಕಿತ್ತು ಪ್ಯಾಂಟ್ ಅಂಟಿಕೊಳ್ಳುತ್ತಿತ್ತು, ರಾತ್ರಿ ನೀರು ಹಾಕಿ ನೆನೆಸಿ ಬಿಡಿಸಬೇಕಿತ್ತು. ಇಪ್ಪತ್ತೆರಡನೇ ದಿನ ತುದಿ ಮುಟ್ಟಿದೆ. ಇಳಿಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಮೇಲೇ ಹತ್ತು ನಿಮಿಷ ಅಪ್ಪಿಕೊಂಡು ಕೂತಿದ್ದೆ. ಕೆಳಗೆ ನಮ್ಮ ಅಣ್ಣ ನಗುತ್ತಿದ್ದ.

ಈಗ ಆರು ವರ್ಷ ಸರ್ವಿಸ್. ಮಳೆಗಾಲದಲ್ಲಿ ರಾತ್ರಿ ಎರಡಕ್ಕೆ ಫೋನು. ಒಂದು ಸಲ ಎಲ್‌ಸಿ (ಲೈನ್ ಕ್ಲಿಯರ್) ತಗೊಂಡು ಲೈನ್ ಆಫ್ ಮಾಡಿಸಿಯೇ ಹತ್ತಿದ್ದೆ. ಅಷ್ಟರಲ್ಲಿ ಯಾರದೋ ಮನೆಯವರು ಜನರೇಟರ್ ಹಾಕಿದರು, ಕರೆಂಟು ಹಿಂದಿನಿಂದ ಬಂತು. ಅರ್ತ್ ಮಾಡಿದ್ದಕ್ಕೆ ಉಳಿದೆ. ಅರ್ತ್ ಮಾಡದವನೊಬ್ಬ ನಮ್ಮ ಸೆಕ್ಷನ್‌ನಲ್ಲೇ ಇದ್ದ. ಅವನ ಕೆಲಸವೂ ಪರ್ಮನೆಂಟೇ ಆಗಿತ್ತು.

ಔಟರ್ ರಿಂಗ್ ರೋಡ್
ಬಿಕಾಂ ಮಾಡಿದವನನ್ನು ಕಂಬ ಹತ್ತಿಸುತ್ತೀರಾ?

ಕಂಬ ಹತ್ತಿದವ
ನಮ್ಮ ಬ್ಯಾಚಿನಲ್ಲಿ ಇಬ್ಬರು ಎಂಜಿನಿಯರಿಂಗ್ ಮುಗಿಸಿದವರಿದ್ದರು ಸರ್. ನಿಮ್ಮ ಕಂಪನಿ ಬೇಡ ಅಂದವರೇ ಇರಬೇಕು.

ಪೊಲೀಸ್ ಗ್ರೌಂಡ್
545 ಪಿಎಸ್‌ಐ ಹುದ್ದೆ ನೆನಪಿದೆಯಾ? 2021ರ ಅಕ್ಟೋಬರ್ 3ಕ್ಕೆ ಪರೀಕ್ಷೆ, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದು, ಮರುಪರೀಕ್ಷೆ 2024ರ ಜನವರಿ 23ಕ್ಕೆ. ನಡುವೆ ಎರಡು ಕಾಲು ವರ್ಷ. ಪ್ರಾಮಾಣಿಕವಾಗಿ ಬರೆದು ಪಾಸಾಗಿದ್ದ ಹುಡುಗರು ಅಷ್ಟೂ ದಿನ ಬೆಳಿಗ್ಗೆ ಐದಕ್ಕೆದ್ದು ಗ್ರೌಂಡಿನಲ್ಲಿ ಓಡುತ್ತಲೇ ಇದ್ದರು. ಕೂತು ಓದು ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಸಪ್ತಾಪುರ ರೂಂ ನಂ. 9
ಹಿಡಿದಿದ್ದೇನೆ, ಮೇಲೆ ಬರೆದಿದ್ದೇನೆ. 4,33,400.

ಮೈಸೂರ್ ಬ್ಯಾಂಕ್ ಸರ್ಕಲ್
@ಬಂಟ್ವಾಳ ಹಳಬ, ಮೀಸೆಯ ಮಾತು ವಾಪಸ್ ತಗೊಳ್ಳಿ. ನಮ್ಮ ತಂದೆ ಅಲ್ಲಿ 34 ವರ್ಷ ಇದ್ದರು, ಮೀಸೆ ಇರಲಿಲ್ಲ.

ಹೊಸದುರ್ಗದ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಹೋಯಿತು, ಇವತ್ತು ಬುಧವಾರ. ಫ್ಯಾಕ್ಟರಿಯವರಿಗೆ ಫೋನ್ ಮಾಡಿ ಒಂದನೇ ತಾರೀಖಿಂದ ಬರುತ್ತೇನೆ ಅಂದೆ. ಮಾವ ಮಾತು ಬಿಟ್ಟಿದ್ದಾರೆ. ಮರ ಹತ್ತಲು ಬರುತ್ತದೆ ಅಣ್ಣ, ಇಳಿಯಲೂ ಬರುತ್ತದೆ. ಎಷ್ಟು ಗಂಟೆ ಓದಬೇಕು ಅಂತ ಯಾರೂ ಹೇಳಲಿಲ್ಲ. ಪೀಣ್ಯ, ದಾಸರಹಳ್ಳಿ ಕಡೆ ರಾತ್ರಿ ಹನ್ನೊಂದರ ತನಕ ತೆರೆದಿರುವ ರೀಡಿಂಗ್ ರೂಂ ಇದ್ದರೆ ತಿಳಿಸಿ.

ಸಪ್ತಾಪುರ ರೂಂ ನಂ. 9
ಸೀಟು ಫ್ಯಾನಿನ ಕೆಳಗೆ ಬೇಡ, ನಿದ್ದೆ ಬರುತ್ತದೆ. ಲಾಕರ್‌ಗೆ ಬೇರೆ ದುಡ್ಡು ಕೇಳುತ್ತಾರಾ ಅಂತ ಮೊದಲೇ ವಿಚಾರಿಸು. ನನ್ನ ಹತ್ತಿರ ತಿಂಗಳಿಗೆ 50 ತಗೊಂಡರು. ಅಯ್ಯೋ, ಅದನ್ನು ಲೆಕ್ಕಕ್ಕೆ ಸೇರಿಸಿಯೇ ಇಲ್ಲ. 56 ತಿಂಗಳಿಗೆ 2,800.