ಪದಚರ್ಚೆ: ‘ವಾಟರ್ ಪ್ರೂಫಿಂಗ್’ಗೆ ಒಂದೇ ಪದ ಸಾಕಾ? ವಾಟ, ಇರಚಲು, ಐಸ್ ಡ್ಯಾಮ್ ಬಗ್ಗೆ ಕೆಲವು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮನೆ, ಅಂಗಡಿ, ಗೋಡೌನುಗಳ ಸೂರು ಸೋರದ ಹಾಗೆ ನೋಡ್ಕೊಳ್ಳೋದು ಹೇಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಬರೀತಾ ಇದೀನಿ. ಮನೆ ಕಟ್ಟಿಸೋರು, ಮೇಸ್ತ್ರಿಗಳು ಇಬ್ಬರೂ ಓದ್ಬೇಕು ಅನ್ನೋದು ಆಸೆ. ಅಮೆರಿಕದ ಚಳಿ ಸೀಮೇಲಿರೋ ಕೆಲವು ಕನ್ನಡದವರು ನಮ್ಮಲ್ಲಿ ಹಿಮ ಬಿದ್ದು ಸೂರು ಹಾಳಾಗುತ್ತಲ್ಲ ಅದನ್ನೂ ಸೇರ್ಸಿ ಅಂದ್ರು, ಹಂಗಾಗಿ ಅದಕ್ಕೂ ಒಂದು ಅಧ್ಯಾಯ ಇದೆ. ಬರೆಯೋಕೆ ಕೂತ್ರೆ ಹೆಜ್ಜೆ ಹೆಜ್ಜೆಗೂ ಪದಗಳ ಪ್ರಶ್ನೆ ಬರ್ತಿದೆ, ಬಲ್ಲವರು ನೆರವಾಗ್ಬೇಕು.

ಮೊದಲನೇದು ವಾಟರ್ ಪ್ರೂಫಿಂಗ್ ಅನ್ನೋದೇ. ಪಠ್ಯಪುಸ್ತಕದಲ್ಲಿ ‘ಜಲನಿರೋಧಕ’ ಅಂತಿದೆ, ಇನ್ನು ಕೆಲವರು ‘ಜಲಾಭೇದ್ಯ’ ಅಂತಾರೆ. ಯಾವ ಮೇಸ್ತ್ರಿ ಬಾಯಲ್ಲೂ ನಾನು ಈ ಎರಡನ್ನೂ ಕೇಳಿಲ್ಲ, ಅವರು ‘ವಾಟರ್ ಪ್ರೂಫಿಂಗ್ ಮಾಡ್ಸಿ’ ಇಲ್ಲಾ ‘ಕೆಮಿಕಲ್ ಹೊಡೆಸಿ’ ಅಂತಾರೆ. ಸಂಸ್ಕೃತದ್ದೋ ಇಂಗ್ಲಿಷಿಂದೋ ಅನ್ನೋದು ನನಗೆ ದೊಡ್ಡ ವಿಷಯ ಅಲ್ಲ. ಈ ಪದ ಯಾವ್ದನ್ನ ಹಾಕಿದ್ರೂ ಓದೋರ ತಲೇಲಿ ಬರೋದು ಒಂದು ಡಬ್ಬ, ಒಂದು ಬ್ರಷ್ಷು, ಬಳಿಯೋ ಒಂದು ಲೇಪ ಮಾತ್ರ, ಅದೇ ತೊಂದರೆ. ನೀರನ್ನ ತಡೆಯೋದು ಅರ್ಧ ಕೆಲಸ, ನೀರು ನಿಲ್ಲದ ಹಾಗೆ ಹರಿಸಿ ಕಳಿಸೋದು ಇನ್ನರ್ಧ, ನನ್ನ ಕೇಳಿದ್ರೆ ಅರ್ಧಕ್ಕಿಂತ ಜಾಸ್ತೀನೇ. ಆ ಇನ್ನರ್ಧಕ್ಕೆ ನಮ್ಮಲ್ಲಿ ಬೇಕಾದಷ್ಟು ಒಳ್ಳೇ ಮಾತುಗಳಿವೆ, ಅವೆಲ್ಲ ಪುಸ್ತಕದಿಂದ ಆಚೆ ಉಳಿದಿವೆ.

ಉದಾಹರಣೆಗೆ ‘ವಾಟ’. ಬೆಂಗಳೂರು, ಮೈಸೂರು ಕಡೆ ಯಾವ ಸೈಟಿಗೆ ಹೋದ್ರೂ ಕೇಳುತ್ತೆ, ‘ವಾಟ ಕೊಟ್ಟಿದೀನಿ ಸಾರ್’, ‘ಬಾತ್‌ರೂಮಿನ ವಾಟ ಉಲ್ಟಾ ಆಗಿದೆ’. ನೀರು ತಾನಾಗೇ ಹರಿದು ಹೋಗೋಕೆ ನೆಲಕ್ಕೋ ತಾರಸಿಗೋ ಕೊಡೋ ಇಳಿಜಾರು ಅದು. ತೆಲುಗಿನ ಗಾರೆ ಕೆಲಸದವರು ವಾಟಂ ಅಂತಾರೆ, ತಮಿಳಿನವರು ವಾಟ್ಟಂ ಅಂತಾರೆ. ಆರ್‌ಸಿಸಿ ತಾರಸಿಗೆ ನೂರಕ್ಕೆ ಒಂದರಷ್ಟಾದ್ರೂ ವಾಟ ಬೇಕು ಅನ್ನೋದು ವಾಡಿಕೆ, ಅಂದ್ರೆ 30-40 ಸೈಟಿನ ಮನೇಲಿ 30 ಅಡಿ ಅಗಲಕ್ಕೆ ಸುಮಾರು ಮೂರೂವರೆ ಇಂಚು ಇಳೀಬೇಕು. ಇಷ್ಟು ಸರಿಯಾಗಿ ಮಾಡಿ, ಪೈಪಿನ ಬಾಯಿ ಕಸ ಕಟ್ಟದ ಹಾಗೆ ನೋಡ್ಕೊಂಡ್ರೆ ಎಷ್ಟೋ ಮನೆ ಸೋರೋದೇ ಇಲ್ಲ, ಇದನ್ನ ಮಾಡದೆ ಎಷ್ಟು ದುಬಾರಿ ಲೇಪ ಬಳಿದ್ರೂ ಅದು ನಿಂತ ನೀರಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಕೆಲವು ವರ್ಷಕ್ಕೆ ಸಿಪ್ಪೆ ಏಳುತ್ತೆ. ಇಳಿಜಾರು ಅಂತ ಬರೆದ್ರೆ ರಸ್ತೆ ಕಣ್ಣಿಗೆ ಬರುತ್ತೆ, ವಾಟ ಅಂದ್ರೆ ನೀರೇ ಬರುತ್ತೆ. ಆದ್ರೆ ಮುಂಬೈ ಕಡೆ ಕೆಲಸ ಮಾಡೋ ಕಾಂಟ್ರಾಕ್ಟರುಗಳು ‘ವಾಟಾ’ ಅನ್ನೋದು ಬೇರೇದಕ್ಕೆ, ತಾರಸಿ ಮತ್ತೆ ಪ್ಯಾರಪೆಟ್ ಗೋಡೆ ಸೇರೋ ಮೂಲೇನ ಸಿಮೆಂಟಿಂದ ದುಂಡಗೆ ಮಾಡ್ತಾರಲ್ಲ ಅದಕ್ಕೆ. ಬೆಳಗಾವಿ, ಹುಬ್ಬಳ್ಳಿ, ಕಾರವಾರ ಕಡೆಯವರನ್ನ ಕೇಳ್ಬೇಕಾಗಿರೋದು ಇಷ್ಟು: ನಿಮ್ಮ ಗೌಂಡಿಗಳು ವಾಟ ಅಂದ್ರೆ ಇಳಿಜಾರು ಅಂತಾನಾ, ದುಂಡಗಿನ ಮೂಲೆ ಅಂತಾನಾ? ಪುಸ್ತಕದಲ್ಲಿ ‘ವಾಟ ಸರಿ ಇದೆಯಾ ನೋಡಿ’ ಅಂತ ಬರೆದು ಅಲ್ಲಿನವರು ಮೂಲೆ ನೋಡಿ ಸುಮ್ಮನಾದ್ರೆ ನಷ್ಟ ಅವರಿಗೆ.

ಇನ್ನೊಂದು ‘ನೀರು ಕಟ್ಟೋದು’. ತೋಟಕ್ಕೆ ನೀರು ಕಟ್ಟೋದು ಅಂದ್ರೆ ಹಾಯ್ಸೋದು. ಹೊಸ ತಾರಸಿ ಹಾಕಿದಾಗ ಸುತ್ತ ಸಣ್ಣ ಕಟ್ಟೆ ಮಾಡಿ ನೀರು ಕಟ್ತಾರೆ, ಅದು ಕ್ಯೂರಿಂಗಿಗೆ, ಅಂದ್ರೆ ಕಾಂಕ್ರೀಟು ಬೇಗ ಒಣಗದೆ ಗಟ್ಟಿಯಾಗೋಕೆ. ವಾಟರ್ ಪ್ರೂಫಿಂಗ್ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ 24ರಿಂದ 48 ಗಂಟೆ ನೀರು ಕಟ್ಟಿ ಕೆಳಗಡೆ ಒದ್ದೆ ಆಗುತ್ತಾ ಅಂತ ನೋಡ್ತಾರೆ, ಅದು ಪರೀಕ್ಷೆಗೆ. ‘ತಾರಸೀಲಿ ನೀರು ಕಟ್ಕೊಂಡಿದೆ’ ಅಂದ್ರೆ ಮಾತ್ರ ಅದು ದೂರು. ಒಂದೇ ಕ್ರಿಯಾಪದ, ‘ಕೊಂಡು’ ಸೇರಿದ ತಕ್ಷಣ ಮಾಡಿದ್ದು ಹೋಗಿ ಆಗಿದ್ದು ಆಗ್ಬಿಡುತ್ತೆ. ಪಾಂಡಿಂಗ್ ಟೆಸ್ಟ್ ಅಂತಾರಲ್ಲ ಆ ಪರೀಕ್ಷೆಗೆ ನಾನು ‘ನೀರು ಕಟ್ಟಿ ನೋಡುವುದು’ ಅಂತಾನೇ ಬರೀತೀನಿ, ‘ಜಲಧಾರಣ ಪರೀಕ್ಷೆ’ ಅಂತ ಯಾರೂ ಸಲಹೆ ಕೊಡ್ಬೇಡಿ ದಯವಿಟ್ಟು.

ಸೋರೋದಕ್ಕೆ ಇರೋ ಮಾತುಗಳು ಇನ್ನೂ ಚೆನ್ನಾಗಿವೆ. ಸೋರೋದು, ತೊಟ್ಟಿಕ್ಕೋದು, ಜಿನುಗೋದು, ಒಸರೋದು, ಗೋಡೆ ಥಂಡಿ ಹಿಡಿಯೋದು, ಬೆವರೋದು. ಇಂಗ್ಲಿಷ್ ಕಲಿತ ನಾವು ಎಲ್ಲಕ್ಕೂ ಲೀಕೇಜ್ ಅಂತೀವಿ, ಸ್ವಲ್ಪ ಹೆಚ್ಚು ಕಲಿತೋರು ಸೀಪೇಜ್ ಅಂತಾರೆ. ಆದ್ರೆ ಹಳೇ ಮಾತನ್ನ ಸರಿಯಾಗಿ ಬಳಸಿದ್ರೆ ರೋಗ ಯಾವ್ದು ಅಂತ ಅರ್ಧ ಗೊತ್ತಾಗುತ್ತೆ. ಒಂದೇ ಜಾಗದಲ್ಲಿ ತೊಟ್ಟಿಕ್ಕುತ್ತೆ ಅಂದ್ರೆ ಬಿರುಕೋ ಪೈಪಿನ ಸಂದೋ ಇರ್ಬೇಕು. ಮಳೆ ನಿಂತು ಮಾರನೇ ದಿನವೂ ಜಿನುಗ್ತಾ ಇದೆ ಅಂದ್ರೆ ಸ್ಲ್ಯಾಬಿನ ಮೇಲೆ ಹಾಕಿರೋ ಇಟ್ಟಿಗೆ ಚೂರಿನ ಪದರ ನೀರು ಕುಡಿದು ಕೂತಿರ್ಬೋದು. ಗೋಡೆ ಬುಡದಿಂದ ಮೇಲಕ್ಕೆ ಥಂಡಿ ಏರ್ತಿದೆ ಅಂದ್ರೆ ಅದಕ್ಕೂ ತಾರಸಿಗೂ ಸಂಬಂಧಾನೇ ಇಲ್ಲದೆ ಇರ್ಬೋದು, ನೆಲದ ತೇವ ಅದು. ಕರಾವಳಿಯಲ್ಲಿ ಜೂನ್ ಜುಲೈಲಿ ತಗಡಿನ ಶೀಟಿನ ಒಳಮೈ ಬೆವರುತ್ತೆ, ಒಳಗಿನ ತೇವದ ಗಾಳಿ ತಣ್ಣಗಿನ ತಗಡಿಗೆ ತಾಗಿ ನೀರಾಗೋದು ಅದು, ಅದನ್ನ ತೂತು ಅನ್ಕೊಂಡು ಸೀಲೆಂಟ್ ಮೆತ್ತಿದ್ರೆ ಏನೂ ಆಗಲ್ಲ, ಗಾಳಿ ಆಡೋ ಹಾಗೆ ಮಾಡ್ಬೇಕು. ಕಟ್ಟಡ ಕೆಲಸಕ್ಕೆ ಭಾರತದಲ್ಲಿ ಮಾಡಿರೋ 1988ರ ಐಎಸ್ 3067 ಅನ್ನೋ ಸಂಹಿತೆಯ ಹೆಸರಲ್ಲೇ ಡ್ಯಾಂಪ್ ಪ್ರೂಫಿಂಗ್ ಬೇರೆ, ವಾಟರ್ ಪ್ರೂಫಿಂಗ್ ಬೇರೆ. ಡ್ಯಾಂಪ್ ಪ್ರೂಫಿಂಗಿಗೆ ‘ಥಂಡಿತಡೆ’ ಅನ್ನೋಣ ಅಂತಿದೀನಿ. ನೆಗಡಿ ಔಷಧಿ ಹೆಸರಿನ ಹಾಗೆ ಕೇಳುತ್ತಾ? ‘ತೇವತಡೆ’ ಚೆನ್ನಾಗಿರುತ್ತಾ? ಹೇಳಿ.

‘ಜಿನುಗು’ ಮತ್ತು ‘ಒಸರು’ ಇದರಲ್ಲಿ ವ್ಯತ್ಯಾಸ ಇದೆ ಅಂತ ನನ್ನ ಅನಿಸಿಕೆ, ಒಸರೋದು ಬಂಡೆ ಮತ್ತೆ ಮಣ್ಣಿನದು, ಜಿನುಗೋದು ಗೋಡೆ ಮತ್ತೆ ಗಾಯದ್ದು. ನಿಮ್ಮೂರಲ್ಲಿ ಗೋಡೆಗೂ ಒಸರು ಬಳಸ್ತಾರಾ?

ಈಗ ‘ಇರಚಲು’. ಗಾಳಿ ಜೊತೆ ಓರೆಯಾಗಿ ನುಗ್ಗೋ ಮಳೆ. ಕೆಲವರು ಎರಚಲು ಅಂತಾರೆ. ಮಲೆನಾಡು ಕರಾವಳಿ ಮನೆಗಳಿಗೆ ನೇರ ಬೀಳೋ ಮಳೆಗಿಂತ ಇದರ ಕಾಟ ಹೆಚ್ಚು, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದು ಕೊಡೆ ಹಿಡಿದ ಹಾಗೆ ಮೇಲಿಂದಷ್ಟೇ ಬೀಳಲ್ಲ. ಸೂರು ಉದ್ದಕ್ಕೆ ಚಾಚಿರೋದು, ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ತಟ್ಟಿ ಕಟ್ಟೋದು ಎಲ್ಲ ಇರಚಲಿಗೇ. ಈಗ ಕಟ್ಟೋ ಚೌಕ ಡಬ್ಬದ ಮನೆಗಳಿಗೆ ಹಾಗೆ ಹೊರಗೆ ಚಾಚಿದ ಸೂರೇ ಇಲ್ಲ, ಗೋಡೆ ನೇರ ಮೇಲಕ್ಕೆ ಹೋಗಿ ಪ್ಯಾರಪೆಟ್ ಆಗಿ ನಿಲ್ಲುತ್ತೆ, ಅದಕ್ಕೇ ಎಷ್ಟೋ ಜನ ಕೊನೆಗೆ ಆರ್‌ಸಿಸಿ ತಾರಸಿ ಮೇಲೇನೇ ಟ್ರಸ್ (ಕಬ್ಬಿಣದ ಚೌಕಟ್ಟು) ನಿಲ್ಸಿ ಶೀಟ್ ಹಾಕ್ಸೋದು. ವಿಂಡ್ ಡ್ರಿವನ್ ರೇನ್ ಅನ್ನೋ ಇಂಜಿನಿಯರಿಂಗ್ ಮಾತಿಗೆ ಇರಚಲು ಅಂತ ಹಾಕಿದ್ರೆ ಸಂಪೂರ್ಣ ಹೊಂದುತ್ತೆ, ಒಂದು ಕೂದಲೆಳೆಯೂ ಹೆಚ್ಚುಕಮ್ಮಿ ಇಲ್ಲ. ಬಯಲುಸೀಮೆಯವರಿಗೆ ಈ ಪದ ತಿಳಿಯುತ್ತಾ ಅನ್ನೋದು ನನ್ನ ಪ್ರಶ್ನೆ.

ಬಯಲುಸೀಮೆ ಅಂದ ಮೇಲೆ ಮಣ್ಣಿನ ಮಾಳಿಗೆ ಬಗ್ಗೆ ಬರೀಲೇಬೇಕು. ಬಳ್ಳಾರಿ, ರಾಯಚೂರು, ಚಿತ್ರದುರ್ಗ ಕಡೆ ಮಾಳಿಗೆ ಮೇಲೆ ಸವಳು ಮಣ್ಣು ಹಾಕ್ತಿದ್ರು, ಕರ್ಲು ಮಣ್ಣು ಅಂತಾನೂ ಅಂತಾರೆ. ಬೆಳೆ ಬರದ ಉಪ್ಪು ಮಣ್ಣು, ರೈತ ಬೈಯೋ ಮಣ್ಣು. ಅದರಲ್ಲಿ ಸೋಡಿಯಂ ಜಾಸ್ತಿ ಇರೋದ್ರಿಂದ ನೀರು ತಾಗಿದಾಗ ಜೇಡಿಯ ಕಣಗಳು ಬಿಡಿಬಿಡಿ ಆಗಿ ಸಂದುಗಳನ್ನೆಲ್ಲ ತುಂಬ್ಕೊಳ್ಳುತ್ತೆ, ಕೆಳಕ್ಕೆ ನೀರು ಇಳಿಯೋಕೆ ದಾರಿನೇ ಇರಲ್ಲ. ಹೊಲದಲ್ಲಿ ಯಾವ ಗುಣ ಶಾಪವೋ ಮಾಳಿಗೆ ಮೇಲೆ ಅದೇ ವರ. ಇದನ್ನ ಕಂಡ್ಕೊಂಡೋರ ಬುದ್ಧಿಗೆ ನನಗೆ ನಿಜವಾಗ್ಲೂ ಗೌರವ ಇದೆ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಸರಿಮಾಡೋ ಆ ಕೆಲಸಕ್ಕೆ ನಿಮ್ಮ ಕಡೆ ಒಂದು ಹೆಸರು ಇದ್ದೇ ಇರುತ್ತೆ, ಮಾಳಿಗೆ ನೀರನ್ನ ಗೋಡೆಯಿಂದ ಆಚೆಗೆ ಬೀಳ್ಸೋ ಕೊಳವೆಗೂ ಇರುತ್ತೆ. ದಯವಿಟ್ಟು ಎರಡನ್ನೂ ಬರೆದು ಕಳಿಸಿ. ಹಳೇ ಮೈಸೂರಲ್ಲಿ ಹೆಂಚಿನ ಮನೆಗೆ ‘ಹೆಂಚು ಕೈಯಾಡಿಸೋದು’ ಅಂತಾರೆ, ಕೋತಿ ಕಿತ್ತಿದ್ದು, ಗಾಳಿಗೆ ಜರುಗಿದ್ದು ಎಲ್ಲ ಸರಿ ಜೋಡ್ಸೋದು. ಮೇಂಟೆನೆನ್ಸ್ ಅನ್ನೋದಕ್ಕೆ ಇಷ್ಟು ಒಳ್ಳೇ ಕ್ರಿಯಾಪದ ಇರ್ವಾಗ ಅಧ್ಯಾಯಕ್ಕೆ ‘ನಿರ್ವಹಣೆ’ ಅಂತ ಹೆಸರಿಡೋಕೆ ಮನಸ್ಸೇ ಬರ್ತಿಲ್ಲ. ‘ತಾರಸಿ ಕೈಯಾಡಿಸೋದು’ ಅಂದ್ರೆ ಕಿವಿಗೆ ಒಗ್ಗುತ್ತಾ?

‘ಹೆಂಚು’ ಸರಿಯೋ ‘ಹಂಚು’ ಸರಿಯೋ ಅನ್ನೋ ಜಗಳ ಬೇಡ, ಹಳಗನ್ನಡದ ಪಂಚು ಎರಡಕ್ಕೂ ಮೂಲ, ರೊಟ್ಟಿ ಸುಡೋ ಹಂಚೂ ಅದೇ. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆ ಬಾಸೆಲ್ ಮಿಷನ್ನಿನೋರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ್ದು, ಅದೇ ಮಿಷನ್ನಿನ ಕಿಟೆಲ್ ಅವರ ನಿಘಂಟು ಅದೇ ಊರಲ್ಲಿ 1894ರಲ್ಲಿ ಅಚ್ಚಾಯ್ತು, ಪದಚರ್ಚೆ ಮಾಡೋ ನಮಗೆ ಇದು ಖುಷಿ ಕೊಡೋ ನಂಟು.

ಹೆಂಚಿನ ವಿಷಯಕ್ಕೆ ಬಂದಿದ್ದು ಇನ್ನೊಂದು ಕಾರಣಕ್ಕೆ. ಹೆಂಚಿನ ಸೂರು ನೀರನ್ನ ತಡೆಯಲ್ಲ, ಹರಿಸುತ್ತೆ. ಹೆಂಚಿನ ಮಧ್ಯೆ ಸಂದಿ ಇದ್ದೇ ಇದೆ, ಆದ್ರೂ ಸೋರಲ್ಲ, ಯಾಕಂದ್ರೆ ನೀರು ಅಲ್ಲಿ ನಿಲ್ಲೋದೇ ಇಲ್ಲ. ಅಮೆರಿಕದ ಮನೆಗಳ ಶಿಂಗಲ್ ಸೂರೂ ಇದೇ ಜಾತಿ, ಡಾಂಬರು ಮೆತ್ತಿದ ಹಾಳೆಗಳನ್ನ ಒಂದರ ಮೇಲೊಂದು ಹೊದಿಸಿರ್ತಾರೆ, ಕೆಳಮುಖವಾಗಿ ಹರಿಯೋ ನೀರಿಗೆ ಅದು ಸಾಕು. ತಾರಸಿ ಹಾಗಲ್ಲ, ಅದು ನೀರು ನಿಂತ್ರೂ ತಡೀಬೇಕು. ಈ ಎರಡೂ ಜಾತಿಗೆ ಬೇರೆ ಬೇರೆ ಹೆಸರು ಬೇಕು ಅನ್ಸುತ್ತೆ, ನಾನು ಸದ್ಯಕ್ಕೆ ‘ಹರಿಸುವ ಸೂರು’, ‘ತಡೆಯುವ ಸೂರು’ ಅಂತ ಬರ್ಕೊಂಡಿದೀನಿ.

ಐಸ್ ಡ್ಯಾಮ್, ಅಂದ್ರೆ ಚಳಿ ಸೀಮೇಲಿ ಸೂರಂಚಲ್ಲಿ ಕಟ್ಟೋ ಐಸಿನ ದಿಬ್ಬ, ಅರ್ಥ ಆಗ್ಬೇಕಾದ್ರೆ ಈ ವ್ಯತ್ಯಾಸ ಗೊತ್ತಿರ್ಲೇಬೇಕು. ಸೂರಿನ ಮೇಲೆ ಅಡಿಗಟ್ಟಲೆ ಹಿಮ ಕೂತಿರುತ್ತೆ, ಮನೆ ಒಳಗಿನ ಬಿಸಿಗಾಳಿ ಅಟ್ಟಕ್ಕೆ ನುಸುಳಿ ಸೂರನ್ನ ಬೆಚ್ಚಗೆ ಮಾಡುತ್ತೆ, ಹಿಮದ ಅಡಿಭಾಗ ಕರಗಿ ನೀರಾಗಿ ಕೆಳಗೆ ಹರಿಯುತ್ತೆ, ಗೋಡೆ ದಾಟಿ ಹೊರಗೆ ಚಾಚಿರೋ ಸೂರಂಚಿಗೆ ಬಂದಾಗ ಅಲ್ಲಿ ಕೆಳಗೆ ಬೆಚ್ಚಗಿನ ಮನೆ ಇಲ್ವಲ್ಲ, ಮತ್ತೆ ಗಡ್ಡೆ ಕಟ್ಟುತ್ತೆ. ಹೀಗೇ ಬೆಳೀತಾ ಬೆಳೀತಾ ಅಂಚಿನುದ್ದಕ್ಕೂ ಒಂದು ದಿಬ್ಬ ಆಗುತ್ತೆ, ಅದರ ಹಿಂದೆ ನೀರು ಕಟ್ಕೊಂಡು ಶಿಂಗಲಿನ ಅಡಿ ಮೇಲ್ಮುಖವಾಗಿ ನುಗ್ಗಿ ಒಳಗೆ ತೊಟ್ಟಿಕ್ಕುತ್ತೆ. ಹರಿಸೋ ಸೂರಲ್ಲಿ ನೀರು ನಿಂತ್ರೆ ಆಗೋದೇ ಇದು. ಸಂದಿಗೆ ಹೋದ ನೀರು ಗಡ್ಡೆ ಆದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತೆ, ಬಿರುಕು ಇನ್ನೂ ಬಾಯಿ ಬಿಡುತ್ತೆ. 2014-15ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ದಾಖಲೆಯ 110 ಇಂಚಿನಷ್ಟು ಹಿಮ ಬಿದ್ದಾಗ ಆ ಸುತ್ತಿನ ಮನೆಗಳು ಇದರಿಂದ ಬಹಳ ಅನುಭವಿಸಿದ್ವು. ಅಟ್ಟಕ್ಕೆ ಬಿಸಿಗಾಳಿ ಹೋಗೋ ಸಂದಿ ಮುಚ್ಚೋದು, ಇನ್ಸುಲೇಷನ್ (ಬಿಸಿ ದಾಟದ ಹಾಗೆ ತಡೆಯೋ ಪದರ) ಸರಿಯಾಗಿ ಹಾಕೋದು, ಅಟ್ಟದಲ್ಲಿ ಹೊರಗಿನ ತಣ್ಣನೆ ಗಾಳಿ ಆಡ್ಸೋದು ನಿಜವಾದ ಪರಿಹಾರ. ಸುತ್ತಿಗೆ ತಗೊಂಡು ಗಡ್ಡೆ ಒಡೆದ್ರೆ ಶಿಂಗಲೇ ಒಡೆಯುತ್ತೆ. ಎರಡನೇ ಕಾವಲಿಗೆ ಶಿಂಗಲಿನ ಅಡಿ ಅಂಟೋ ಡಾಂಬರು ಹಾಳೆ ಹಾಸ್ತಾರೆ, ಅಲ್ಲಿನ ಮನೆ ಕಟ್ಟೋ ಮಾದರಿ ಸಂಹಿತೆ ಪ್ರಕಾರ ಅದು ಸೂರಂಚಿಂದ ಶುರುವಾಗಿ ಹೊರಗೋಡೆ ಗೆರೆ ದಾಟಿ ಕನಿಷ್ಠ 24 ಇಂಚು ಒಳಕ್ಕೆ ಬರ್ಬೇಕು.

ಈ ಐಸ್ ಡ್ಯಾಮಿಗೆ ಕನ್ನಡದಲ್ಲಿ ಏನನ್ನೋಣ? ‘ಹಿಮ ಅಣೆಕಟ್ಟು’ ಅಂದ್ರೆ ಕೆಆರ್‌ಎಸ್ ಕಣ್ಣಿಗೆ ಬರುತ್ತೆ, ಅಷ್ಟು ದೊಡ್ಡದಲ್ಲ, ಯಾರೂ ಬೇಕು ಅಂತ ಕಟ್ಟಿದ್ದೂ ಅಲ್ಲ. ದಕ್ಷಿಣ ಕನ್ನಡದ ‘ಕಟ್ಟ’ ಇದೆ, ಮಳೆ ಮುಗಿದ ಮೇಲೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಹಾಕೋದು, ಒಂದು ಋತುವಿಗಷ್ಟೇ ಇರೋದು ಅನ್ನೋದು ಹೊಂದುತ್ತೆ, ಆದ್ರೆ ಅದು ಒಳ್ಳೇದಕ್ಕೆ ಕಟ್ಟೋದು. ‘ಬದು’ ನನಗೆ ಹೆಚ್ಚು ಹಿಡಿಸಿದೆ, ತಗ್ಗಾಗಿ ಉದ್ದಕ್ಕೆ ಅಂಚಲ್ಲಿ ಇರೋದೇ ಬದು. ಹಾಗಾದ್ರೆ ‘ಐಸುಬದು’ ಅನ್ನೋಣ್ವಾ ‘ಗಡ್ಡೆಬದು’ ಅನ್ನೋಣ್ವಾ? ಮಂಜು ಅನ್ನೋ ಪದ ಇಲ್ಲಿ ಬಳಸೋಕೆ ಭಯ, ನಮಗೆ ಮಂಜು ಅಂದ್ರೆ ಮಡಿಕೇರಿ ಬೆಳಗಿನ ಮಬ್ಬೂ ಹೌದು, ಇಬ್ಬನಿಯೂ ಹೌದು, ಹಿಮಾಲಯದ ಹಿಮಾನೂ ಹೌದು. ಸ್ನೋಗೆ ಹಿಮ, ಐಸಿಗೆ ಐಸು ಅಂತ ಖಂಡಿತ ಮಾಡ್ಕೊಂಡಿದೀನಿ, ಆಲಿಕಲ್ಲನ್ನ ಆಲಿಕಲ್ಲಿಗೇ ಬಿಟ್ಟಿದೀನಿ. ಮಿನೆಸೋಟ, ಷಿಕಾಗೊ, ಟೊರಾಂಟೊ ಕಡೆ ಮನೇಲಿ ಕನ್ನಡ ಮಾತಾಡೋರು ಫೋನಲ್ಲಿ ಊರಿನ ಅಪ್ಪ ಅಮ್ಮನಿಗೆ ಇದನ್ನ ಹೇಗೆ ಹೇಳ್ತೀರಿ? ಆ ಮಾತೇ ನನಗೆ ಬೇಕಾಗಿರೋದು. ಸೂರಂಚಿಂದ ನೇತಾಡೋ ಐಸಿನ ಕೋಲಿಗೆ ಮಕ್ಕಳು ಏನಾದ್ರೂ ಹೆಸರಿಟ್ಟಿದ್ರೆ ಅದನ್ನೂ ಹೇಳಿ.

ಕೊನೇದಾಗಿ ಗೋಡೌನು, ಕಾರ್ಖಾನೆ ಶೆಡ್ಡಿನ ಪದಗಳು. ಎರಡು ಇಳಿಜಾರು ಸೇರೋ ತಗ್ಗಲ್ಲಿ ಹಾಕೋ ತಗಡಿನ ನೀರುದಾರಿಗೆ ವ್ಯಾಲಿ ಗಟರ್ ಅಂತಾರೆ, ಶೆಡ್ಡುಗಳು ಸೋರೋದು ಹೆಚ್ಚಾಗಿ ಅಲ್ಲೇ, ಇಲ್ಲಾ ಸ್ಕ್ರೂ ಕೆಳಗಿನ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಸೀಳಿದ ಕಡೆ. ಸೂರಂಚಿನದಕ್ಕೆ ‘ದೋಣಿ’ ಅನ್ನೋದು ಎಲ್ಲರಿಗೂ ಗೊತ್ತು, ಮಲೆನಾಡಲ್ಲಿ ಅಡಿಕೆ ಮರದ್ದಾದ್ರೆ ದಂಬೆ. ನಡುವಿನದಕ್ಕೆ ‘ಸಂದುದೋಣಿ’ ಅಂತ ನಾನೇ ಕಟ್ಟಿದೀನಿ, ಕೆಲಸಗಾರರ ಬಾಯಲ್ಲಿ ಬೇರೆ ಮಾತಿದ್ರೆ ಇದನ್ನ ಕೈಬಿಡ್ತೀನಿ.

ಉತ್ತರ ಬರೆಯೋವಾಗ ಪದದ ಜೊತೆ ಊರೋ ತಾಲ್ಲೂಕೋ ಹಾಕಿ, ಒಂದು ವಾಕ್ಯದಲ್ಲಿ ಬಳಸಿ ತೋರ್ಸಿ. ಪುಸ್ತಕದಲ್ಲಿ ಒಂದೇ ಪದ ಹಾಕಿ ಉಳಿದದ್ದನ್ನ ಬಿಡೋ ಯೋಚನೆ ಇಲ್ಲ, ಪಕ್ಕದಲ್ಲಿ ಆಯಾ ಸೀಮೆಯ ಮಾತೂ ಇರುತ್ತೆ. ವಾಟದ ವಿಷಯ ಬೆಳಗಾವಿ ಕಡೆಯವರು ಮೊದಲು ಹೇಳಿದ್ರೆ ಉಪಕಾರ, ಆ ಅಧ್ಯಾಯ ಅದೊಂದಕ್ಕೇ ನಿಂತಿದೆ.